ಮಡಗಾರ್ಡು, ಚೈನ್ ಕವರು ಮತ್ತು ಅಕ್ಕನ ಇಂಗ್ಲಿಷ್ ಪರೀಕ್ಷೆ

ಸೈಕಲ್ಲಿಗೆ ಯಾವ ಸಾಮಾನು ಮೊದಲು ಹಾಕಿಸಬೇಕು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ಯಾರಾದರೂ ಕೇಳಿದರೆ ನಾನು ಅರ್ಧ ತಾಸು ಭಾಷಣ ಬಿಗಿಯಬಲ್ಲೆ. ಮೊದಲು ಟೈರು. ಆಮೇಲೆ ಬ್ರೇಕಿನ ರಬ್ಬರು. ಅದಾದ ಮೇಲೆ ಗಾಲಿಯ ಹಬ್ಬು ಬಿಚ್ಚಿಸಿ ಒಳಗಿನ ಸವೆದ ಗುಂಡು ಬದಲಿಸಬೇಕು. ಉಳಿದದ್ದೆಲ್ಲ ಶೋಕಿ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನ್ನದು ಆ ಪೈಕಿಯ ಬುದ್ಧಿ. ಆದರೆ ಅದರ ಬೆಲೆ ತೆತ್ತದ್ದು ನಾನಲ್ಲ, ನನ್ನ ಅಕ್ಕ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರು ಕುಬಿಹಾಳದಿಂದ ಇನ್ನೂ ಒಳಗೆ. ಊರು ಬಿಟ್ಟು ಡಾಂಬರು ರಸ್ತೆ ಸೇರಬೇಕೆಂದರೆ ಕಪ್ಪು ಮಣ್ಣಿನ ಎರೆಹೊಲಗಳ ನಡುವಿನ ಗಾಡಿದಾರಿಯಲ್ಲಿ ಒಂದು ತಾಸು ನಡೆಯಬೇಕು. ಅಲ್ಲಿಂದ ಮುಂದೆ ಕುಂದಗೋಳ. ನಾನು ಅಲ್ಲಿನ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ತೂಕ ಬರೆದುಕೊಳ್ಳುವ ಗುಮಾಸ್ತನಾಗಿದ್ದೆ. ವಯಸ್ಸು ಇಪ್ಪತ್ಮೂರು. ಬಿಳಿ ಅಂಗಿ, ಕೆಳಗೆ ಅಗಲವಾದ ಪ್ಯಾಂಟು, ಏರಲು ಅಪ್ಪನ ಹಳೆಯ ಸೈಕಲ್ಲು. ಪ್ಯಾಂಟು ಚೈನಿಗೆ ಸಿಗಬಾರದೆಂದು ಕಾಲಿಗೆ ತಂತಿಯ ಕ್ಲಿಪ್ಪು ಹಾಕಿಕೊಳ್ಳಬೇಕಿತ್ತು. ಫ್ಯಾಕ್ಟರಿಯ ಗೇಟಿನಲ್ಲಿ ಎಲ್ಲರೆದುರು ಬಗ್ಗಿ ಆ ಕ್ಲಿಪ್ಪು ತೆಗೆಯುವುದೆಂದರೆ ನನಗೆ ಜೀವ ಹೋದಷ್ಟು ನಾಚಿಕೆ. ಕ್ಲಿಪ್ಪಿಗೆ ನಾಚಿದ ಮನುಷ್ಯ ಮುಂದೆ ಎಷ್ಟಕ್ಕೆ ನಾಚಬೇಕಾಯಿತು ನೋಡಿ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಗಂಡನ ಮನೆ ಬಿಟ್ಟು ಬಂದು ಮೂರು ವರ್ಷವಾಗಿತ್ತು. ಯಾಕೆ ಬಂದಳೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಹಗಲು ಮಂದಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿ, ಸಂಜೆ ಓದಿಕೊಂಡು, ಹತ್ತನೆಯ ಇಯತ್ತೆಯ ಪರೀಕ್ಷೆಗೆ ಹೊರಗಿನಿಂದ ಕೂತಿದ್ದಳು. ಇಂಗ್ಲಿಷ್ ಒಂದು ಬಿಟ್ಟು ಎಲ್ಲ ಪಾಸು. ಅಕ್ಟೋಬರಿನಲ್ಲಿ ಆ ಒಂದು ಪೇಪರು ಬರೆದರೆ ಹುಬ್ಬಳ್ಳಿಯಲ್ಲಿ ನರ್ಸಿನ ತರಬೇತಿಗೆ ಅರ್ಜಿ ಹಾಕಬಹುದಿತ್ತು. ಅರ್ಜಿಗೆ ವಯಸ್ಸಿನ ಕಟ್ಟಳೆ ಇತ್ತು, ಅವಳಿಗೆ ಅದೇ ಕೊನೆಯ ವರ್ಷ. ಇಂಗ್ಲಿಷ್ ಪತ್ರಲೇಖನವನ್ನು ಒಲೆಯ ಮುಂದೆ ಕೂತು ರಾಗವಾಗಿ ಬಾಯಿಪಾಠ ಮಾಡುತ್ತಿದ್ದಳು. ಅವ್ವ ಅದನ್ನು ದೇವರ ಹಾಡೆಂದೇ ತಿಳಿದು ಕೈಮುಗಿದದ್ದೂ ಉಂಟು.

ಗಣಪತಿ ಹಬ್ಬದ ಮುಂದೆ ಕೈಯಲ್ಲಿ ಸ್ವಲ್ಪ ದುಡ್ಡು ಆಡಿತು. ಕುಂದಗೋಳದ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯ ಕಾಕಾ ನನ್ನ ಹಿಂದಿನ ಗಾಲಿಯನ್ನು ಎತ್ತಿ ತಿರುಗಿಸಿ, ಕಿವಿಗೊಟ್ಟು ಕೇಳಿ ಹೇಳಿದ:

"ತಿರುಗೂ ಸಾಮಾನು ಮೊದಲ ನೋಡಪಾ. ಟೈರು ಸವದಾವು, ಹಬ್ಬಿನ ಗುಂಡು ಹೋಗ್ಯಾವು. ಕಣ್ಣಿಗೆ ಕಾಣೂದು ಆಮ್ಯಾಲ."

"ಇಲ್ಲ ಕಾಕಾ, ಫುಲ್ ಚೈನ್ ಕವರ್ ಹಾಕ್ರಿ. ಅಗಲಾನ ಮಡಗಾರ್ಡ್ ಹಾಕ್ರಿ, ಹಿಂದ ರಬ್ಬರ್ ಪಟ್ಟಿ ಇರೂದು."

"ನಿಮ್ಮೂರಿನ ದಾರಿ ಎರಿ ಮಣ್ಣಿಂದಲ್ಲೇನಪಾ?"

"ನಾ ದಿನಾ ಡಾಂಬರ್ ಮ್ಯಾಲ ಅಡ್ಡಾಡಾಂವರಿ," ಎಂದು ಅರ್ಧ ಸತ್ಯ ಹೇಳಿದೆ.

ಕಾಕಾ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ. ಗಿರಾಕಿಗೆ ಒಮ್ಮೆ ಹೇಳುವುದು ಧರ್ಮ, ಎರಡು ಸಲ ಹೇಳಿದರೆ ಧಂದೆ ಕೆಡುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸಿಕೊಂಡು ನನ್ನ ಸೈಕಲ್ಲು ಊರಿಗೆ ಬಂತು.

ನಮ್ಮ ಕಡೆ ಒಂದು ರೂಢಿ ಇದೆ. ಹಿಂಗಾರಿ ಮಳೆ ಶುರುವಾಗುವ ಹೊತ್ತಿಗೆ ಸೈಕಲ್ಲಿನ ಎರಡೂ ಮಡಗಾರ್ಡು, ಚೈನ್ ಕವರು ಬಿಚ್ಚಿ ಗೋಡೆಯ ಗೂಟಕ್ಕೆ ಹಾಕಿಬಿಡುತ್ತಾರೆ. ಬೆನ್ನಿಗೆ ಕೆಸರು ಸಿಡಿದರೆ ಸಿಡಿಯಲಿ, ಗಾಲಿ ತಿರುಗಬೇಕು. ಎರೆ ಮಣ್ಣು ಗಾಲಿಗೆ ಹತ್ತಿತೆಂದರೆ ಸುತ್ತು ಸುತ್ತಿಗೂ ದಪ್ಪವಾಗುತ್ತ ಹೋಗಿ ಮಡಗಾರ್ಡಿಗೆ ಬಿಗಿದು ನಿಂತುಬಿಡುತ್ತದೆ. ಇದು ಊರಿನ ಕೂಸುಗಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೆಂದು ಹೇಗೆ ಹೇಳಲಿ?

ಹಬ್ಬವಾದ ಮೇಲೆ ಒಂದು ತಿಂಗಳು ಮಳೆ ಬೀಳಲಿಲ್ಲ. ನಾನು ಕ್ಲಿಪ್ಪಿಲ್ಲದ ಪ್ಯಾಂಟಿನಲ್ಲಿ ಮೆರೆದೆ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಮೂಡಲ ದಿಕ್ಕಿಗೆ ಮೋಡ ಕಟ್ಟಿತು. ಅಕ್ಕ ಅಂಗಳದಲ್ಲಿ ನಿಂತು ನೋಡಿದಳು.

"ತಮ್ಮಾ, ಮಡಗಾರ್ಡ್ ಬಿಚ್ಚಿ ಇಡೋ."

"ಹೊಸಾ ಬಣ್ಣ ಐತಿ, ಪಾನಾ ಹಚ್ಚಿದ್ರ ಗೀರ ಬೀಳತಾವು. ಈ ಮಳಿ ಗದಗಿನ ಕಡೆ ಹೋಗತೈತಿ ತಗೋ."

ಮಳೆ ಗದಗಿಗೆ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದು ಒಂದು ತಾಸು ಹೊಡೆಯಿತು. ಉಣ್ಣುವಾಗ ಅಕ್ಕ ಮತ್ತೆ ಅಂದಳು: "ನಸುಕಿನ್ಯಾಗ ಎದ್ದು ನಡಕೊಂತ ಹೋಗೂಣು."

"ಸೈಕಲ್ ಇದ್ದಾಗ ನಡಿಯೂದ್ಯಾಕ?" ಎಂದೆ.

ಬೆಳಗ್ಗೆ ಬಿಸಿಲು ಬಿತ್ತು. ದಾರಿ ಮೇಲೆ ಮೇಲೆ ಒಣಗಿದಂತೆ ಕಂಡಿತು. ಎರೆ ಮಣ್ಣು ಪೂರಾ ಹಸಿಯಿದ್ದಾಗಿನದಕ್ಕಿಂತ ಅರೆಬರೆ ಆರಿದಾಗ ಹೆಚ್ಚು ಅಂಟುತ್ತದೆ, ಅದೂ ನನಗೆ ಗೊತ್ತಿತ್ತು. ಪರೀಕ್ಷೆ ಕುಂದಗೋಳದಲ್ಲಿ ಹತ್ತಕ್ಕೆ, ನಾವು ಎಂಟಕ್ಕೆ ಹೊರಟೆವು. ಅಕ್ಕ ಹಾಲ್‌ಟಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗೆ ಅವುಚಿಕೊಂಡು ಹಿಂದೆ ಕೂತಳು.

ಊರಿನ ಹಳ್ಳ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಪೆಡಲ್ಲು ಭಾರವಾಯಿತು. ಅಕ್ಕ ಇಳಿದಳು. ನಾನು ನೂಕಿದೆ. ಹತ್ತು ಹೆಜ್ಜೆಗೆ ಎರಡೂ ಗಾಲಿ ಕಚ್ಚಿಕೊಂಡು ನಿಂತವು. ಜಾಲಿಯ ಕಡ್ಡಿ ಮುರಿದು ಮಣ್ಣು ಕೆದರಿದೆ. ಮತ್ತೆ ಹತ್ತು ಹೆಜ್ಜೆ, ಮತ್ತೆ ಕೆದರು. ಹೊಸ ಮಡಗಾರ್ಡಿಗೂ ಟೈರಿಗೂ ನಡುವೆ ಒಂದು ಬೆರಳಿನ ಸಂದೂ ಇರಲಿಲ್ಲ. ಬಿಚ್ಚಲು ಪಾನಾ ಮನೆಯಲ್ಲಿತ್ತು.

"ಸೈಕಲ್ ಇಲ್ಲೇ ಹೊಲದಾಗ ಒಗಿ ತಮ್ಮಾ. ನಡಿ, ಹೋಗೂಣು."

"ಯಾರರ ಹೊತ್ಕೊಂಡ ಹೋದ್ರ? ಡಾಂಬರಕ್ಕ ಬಿದ್ವಿ ಅಂದ್ರ ಹತ್ತು ಮಿನಿಟ್ನಾಗ ಮುಟ್ಟಸ್ತೀನಿ. ನೀ ಹಿಂದ ಹಿಡಿ."

ಅವಳು ಹಿಡಿದಳು. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಅವಳೊಬ್ಬಳೇ ಮುಂದೆ ಹೋಗಬಹುದಿತ್ತು, ಹೋಗಿದ್ದರೆ ಮುಟ್ಟುತ್ತಿದ್ದಳು. ತಮ್ಮನ ಮಾತು ನಂಬಿದಳು. ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕ್ಯಾರಿಯರ್ ಹಿಡಿದು ಎತ್ತಿದಳು. ಪರೀಕ್ಷೆಗೆ ಹೊರಟ ಹೆಣ್ಣುಮಗಳ ಕೈಯಲ್ಲಿ ನಾನು ಸೈಕಲ್ಲು ಹೊರಿಸಿದೆ.

ಡಾಂಬರು ಸೇರಿದಾಗ ಬಿಸಿಲು ಬಲಿತಿತ್ತು. ಗಾಲಿಯ ಮಣ್ಣನ್ನೇನೋ ಕೆದರಿ ತೆಗೆದೆ. ಚೈನ್ ಕವರಿನೊಳಗೆ ಹೊಕ್ಕ ಮಣ್ಣು ಹೊರಗೆ ಬರುವಂತಿರಲಿಲ್ಲ, ಪೆಡಲ್ಲು ಅಲುಗಲಿಲ್ಲ. ನಾನಿನ್ನೂ ಒದ್ದಾಡುತ್ತಿದ್ದೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿಕೊಂಡು ಓಡತೊಡಗಿದಳು. ಆಗ ಸೈಕಲ್ಲನ್ನು ರಸ್ತೆಯ ಬದಿಗೆ ಕೆಡವಿ ನಾನೂ ಓಡಿದೆ.

ಪರೀಕ್ಷೆ ಶುರುವಾಗಿ ಅರ್ಧ ತಾಸು ಕಳೆದರೆ ಒಳಗೆ ಬಿಡುವುದಿಲ್ಲವೆಂಬ ನಿಯಮ. ನಾವು ಮುಟ್ಟಿದಾಗ ಅದು ಮೀರಿ ಇಪ್ಪತ್ತು ನಿಮಿಷವಾಗಿತ್ತು. ಬಾಗಿಲಲ್ಲಿದ್ದ ಮಾಸ್ತರರು ಮೊಣಕಾಲಿನತನಕ ಮಣ್ಣಾಗಿದ್ದ ಅಕ್ಕನ ಕಾಲು ನೋಡಿದರು. ಒಳ್ಳೆಯ ಮನುಷ್ಯ, ಗದರಿಸಲಿಲ್ಲ.

"ಇಪ್ಪತ್ತು ಮಿನಿಟ್ ಮೊದಲ ಬಂದಿದ್ರ ಕುಂಡ್ರಸ್ತಿದ್ದೆ ಯವ್ವಾ. ಈಗ ನನ್ನ ಕೈಯಾಗಿಲ್ಲ."

"ಹೌದ್ರೀ," ಎಂದಳು ಅಕ್ಕ. ಅಷ್ಟೇ. ನಾನು ಮಾಸ್ತರರ ಕಾಲು ಹಿಡಿಯಲು ಹೋದೆ. ಅವಳೇ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ವಾಪಸು ಬರುವಾಗ ಸೈಕಲ್ಲು ನಾನು ಕೆಡವಿದಲ್ಲೇ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಆ ದಾರಿಯಲ್ಲಿ ಅಂಥ ಸೈಕಲ್ಲು ಯಾರಿಗೂ ಬೇಕಿರಲಿಲ್ಲ. ಊರು ಹತ್ತಿರ ಬಂದಾಗ ಧೈರ್ಯ ಮಾಡಿ, "ಮಾರ್ಚಿಗೆ ಮತ್ತ ಕುಂಡ್ರು ಅಕ್ಕಾ" ಎಂದೆ.

"ಮಾರ್ಚಿಗೆ ನನ್ನ ವಯಸ್ಸು ಮೀರಿರತೈತಿ," ಎಂದಳು. ಬೇಸರವಿಲ್ಲದ, ಸುಮ್ಮನೆ ತಿಥಿ ಹೇಳುವಂಥ ದನಿಯಲ್ಲಿ ಅಂದಳು. ಮುಂದೆ ಅವಳು ಯಾವ ಪರೀಕ್ಷೆಗೂ ಕೂರಲಿಲ್ಲ. ಮೆಣಸಿನಕಾಯಿ ಬಿಡಿಸುವುದು ಮುಂದುವರಿಯಿತು, ನನ್ನ ಮದುವೆಯಾಯಿತು, ನನ್ನ ಮಕ್ಕಳನ್ನು ಅವಳೇ ಎತ್ತಿ ಆಡಿಸಿದಳು. ಒಂದು ದಿನವೂ ಆ ಮಾತು ತೆಗೆಯಲಿಲ್ಲ.

ಪರೀಕ್ಷೆಯ ಮರುದಿನ ಬೆಳಗ್ಗೆ ನಾನು ತಡವಾಗಿ ಎದ್ದೆ. ಅಂಗಳದಲ್ಲಿ ಅಕ್ಕ ಕುಕ್ಕರುಗಾಲಿನಲ್ಲಿ ಕೂತು, ಪಾನಾ ಹಿಡಿದು, ನನ್ನ ಸೈಕಲ್ಲಿನ ಮಡಗಾರ್ಡು ಬಿಚ್ಚುತ್ತಿದ್ದಳು. ಹಿಂದಿನದನ್ನು ಆಗಲೇ ತೆಗೆದು ಗೋಡೆಗೆ ಆನಿಸಿದ್ದಳು. ನಾನು ಹೊಸ್ತಿಲಲ್ಲಿ ನಿಂತೆ. ಅವಳು ತಲೆಯೆತ್ತದೆ ಅಂದಳು:

"ಇವತ್ತೂ ಮಳಿ ಆಗಬಹುದು. ನಿನಗ ಕೆಲಸಕ್ಕ ತಡಾ ಆಗಬಾರದು."

ಕುಟುಕಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಅದಕ್ಕೇ ಬಿಚ್ಚುತ್ತಿದ್ದಳು.