ಮೊದಲು ನಿನ್ನ ಮುಖಕ್ಕೆ ಹಾಕಿ ನೋಡು

ರಾತ್ರಿ ಎರಡೂವರೆಗೆ ನನ್ನ ಮಗು ಸಣ್ಣಗೆ ನರಳಿದ ಸದ್ದಿಗೆ ಎಚ್ಚರವಾಯಿತು. ಹೊಸ ದಪ್ಪ ಬ್ಲಾಂಕೆಟ್ ಅದರ ಮೂಗಿನವರೆಗೆ ಬಂದಿತ್ತು. ತೆಗೆದೆ. ಮಗು ಮತ್ತೆ ಮಲಗಿತು, ನನಗೆ ನಿದ್ದೆ ಬರಲಿಲ್ಲ.

ಚಿಕ್ಕಂದಿನಲ್ಲಿ ಶಿಗ್ಗಾಂವಿಯ ಮನೆಯಲ್ಲಿ ಪಕ್ಕದಲ್ಲಿ ಮಲಗಿಸಿಕೊಂಡು ಅಜ್ಜಿ ತನ್ನ ಬಾಲ್ಯದ ಸಂಗತಿಯೊಂದನ್ನು ಹೇಳುತ್ತಿದ್ದಳು. ಬ್ರಿಟಿಷರು ಇನ್ನೂ ಇದ್ದ ಕಾಲ. ಆಕೆಗೆ ಏಳು ವರ್ಷ, ತಮ್ಮ ಹುಟ್ಟಿ ಒಂಬತ್ತು ದಿನ. ಹೊಸ ಬಟ್ಟೆ ಕೂಸಿಗೆ ಚುಚ್ಚುತ್ತದೆಂದು ಹಳೆಯ ಸೀರೆಗಳಿಂದಲೇ ಕೌದಿ ಹೊಲಿಯುತ್ತಿದ್ದರು. ಆಕೆಯ ಅವ್ವ ಅಕ್ಕರೆಗೆ ಐದು ಪದರ ಕೂಡಿಸಿ ಹೊಲಿದು, ದೃಷ್ಟಿಯಾಗಬಾರದೆಂದು ತಲೆಯವರೆಗೂ ಹೊದಿಸಿದ್ದಳು.

ಎಣ್ಣೆ ಹಚ್ಚಲು ಬಂದ ಸೂಲಗಿತ್ತಿ ಬೂಬಮ್ಮ ಕೌದಿ ಎತ್ತಿದಳು. ಕೂಸು ಬೆವರಿ ಕೆಂಪಾಗಿತ್ತು. ಅದೇ ಕೌದಿಯನ್ನು ಅವ್ವನ ಮುಖಕ್ಕೆ ಹಾಕಿ ಹಿಡಿದಳಂತೆ.

"ಹೆಂಗೈತಿ ಬೇ ಒಳಗ?"

"ಉಸರ ಕಟ್ಟತೈತಿ, ತೆಗೀರಿ ಬೂಬಮ್ಮಾ."

"ನಿನಗ ಬಾಯಿ ಐತಿ, ತೆಗೀರಿ ಅಂದಿ. ಅದು ಯಾರ ಮುಂದ ಹೇಳಬೇಕ? ದೃಷ್ಟಿ ಆಗತೈತಂದ್ರ ಗಲ್ಲಕ್ಕ ಕಾಡಗಿ ಹಚ್ಚು, ಮಾರಿ ಮುಚ್ಚಬ್ಯಾಡ."

ಅಂದಿನಿಂದ ಆ ಮನೆಯಲ್ಲಿ ಕೂಸಿನ ಕೌದಿಯನ್ನು ಹೊಲಿದವರೇ ಮೊದಲು ಮುಖಕ್ಕೆ ಹಾಕಿಕೊಂಡು ನೋಡುತ್ತಿದ್ದರು.

ಈಗ ನಾನೂ ಆ ಬ್ಲಾಂಕೆಟ್ಟನ್ನು ಮುಖಕ್ಕೆ ಹಾಕಿಕೊಂಡು ನೋಡಿದೆ. ಹತ್ತನೆಯ ಉಸಿರಿಗೆ ಕಿತ್ತು ತೆಗೆದೆ. ಇಂಥದ್ದೇ ಇನ್ನೊಂದನ್ನು ನಿನ್ನೆ ಅಕ್ಕಿಆಲೂರಿನ ಗೆಳತಿ ಸುಮಾಳ ಹದಿನೈದು ದಿನದ ಕೂಸಿಗೆ ಕೊಟ್ಟು, ನಾನೇ ಗಲ್ಲದವರೆಗೆ ಹೊದಿಸಿ ಬಂದಿದ್ದೇನೆ. ಅವಳ ಫೋನ್ ಬಂದ್ ಇದೆ. ಅವಳ ಮನೆಯವರ ನಂಬರ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೆಳಗಾಗುವ ಮೊದಲೇ ಫೋನ್ ಮಾಡಿ ಅದನ್ನು ತೆಗೆಯಲು ಹೇಳಿ, ದಯವಿಟ್ಟು.