ವಿನೋದಾಳ ಬಾಣಂತಿ ಪಟ್ಟಿ

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಬ್ರೂಮ್‌ಹಿಲ್‌ನಲ್ಲಿ ಕನ್ನಡದ ಹುಡುಗಿಯೊಬ್ಬಳು ಹೆತ್ತಳೆಂದರೆ ಮೂರನೆಯ ದಿನಕ್ಕೆ ಬಾಗಿಲು ತಟ್ಟುವವಳು ವಿನೋದಾ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಕಾರಿನ ಕೀ. "ಬಿಸಿ ಉಂಟು, ಈಗಲೇ ಊಟ ಮಾಡು" ಎಂದು ಹೇಳಿ, ಕೋಟಿನ ಗುಂಡಿ ಸಹ ಬಿಚ್ಚದೆ ಹೊರಟುಬಿಡುವಳು. ತಾಯಿಗೆ ವೀಸಾ ಸಿಗದೆ ಒಂಟಿಯಾಗಿ ಹೆರುವ ಆ ಹುಡುಗಿಯರಿಗೆ ಅವಳೇ ತವರು. ಸ್ವಲ್ಪ ಅವಸರದ ತವರು, ಅಷ್ಟೆ.

ಉಡುಪಿ ಕಡೆಯ ಈ ಹೆಂಗಸು ಇಪ್ಪತ್ತಮೂರು ವರ್ಷ ಆಸ್ಪತ್ರೆಯೊಂದರಲ್ಲಿ ನರ್ಸುಗಳ ಪಾಳಿಯ ರೋಟಾ ಬರೆದವಳು. ನಿವೃತ್ತಳಾದರೂ ಚಟ ಬಿಡಬೇಕಲ್ಲ! ಯಾವ ಬಾಣಂತಿಗೆ, ಯಾವ ದಿನ, ಯಾರ ಮನೆಯಿಂದ, ಏನು ಅಡುಗೆ ಎಂದು ಆರು ವರ್ಷ ಕಂಪ್ಯೂಟರಿನಲ್ಲಿ ಬರೆದಿಟ್ಟಳು. ಕೊನೆಯ ಕಾಲಮ್ಮು ಮಾತ್ರ ಅವಳದಲ್ಲ, ಗೆಳತಿ ವರಲಕ್ಷ್ಮಿಯದು. ಮೈಸೂರಿನ ವರಲಕ್ಷ್ಮಿ ಡಬ್ಬಿ ಕೊಡಲು ಹೋದರೆ ಎರಡು ಗಂಟೆ ಕೂತೇ ಬರುವಳು. ಬಂದು, ಕಂಡದ್ದು ಕೇಳಿದ್ದೆಲ್ಲ ಅಲ್ಲಿ ಬರೆಯುವಳು.

"ಇದೆಂತ ಪುರಾಣ ಮಾರಾಯ್ತಿ, ಎರಡು ಪದ ಸಾಕಲ್ಲ?" ಎಂದು ವಿನೋದಾ ಗೊಣಗಿದರೆ, "ನಿನ್ ಲೆಕ್ಕ ನೀನ್ ಬರ್ಕೋ, ನನ್ ಪುರಾಣ ನಾನ್ ಬರೀತೀನಿ ಕಣೇ" ಎಂದು ವರಲಕ್ಷ್ಮಿ ನಗುವಳು. ಆ ಪುರಾಣವನ್ನು ವಿನೋದಾ ಎಂದೂ ಓದಲಿಲ್ಲ. ಕಳೆದ ನವೆಂಬರಿನಲ್ಲಿ ವರಲಕ್ಷ್ಮಿ ಹೃದಯಾಘಾತದಿಂದ ತೀರಿಕೊಂಡಳು.

ಮಾರ್ಚಿನಲ್ಲಿ ವಿನೋದಾ ಆ ಫೈಲನ್ನು ಚೊಕ್ಕ ಮಾಡಲು ಕೂತಳು. ಉದ್ದನೆಯ ಪಟ್ಟಿಯನ್ನು ಅಂಗೈಯಗಲಕ್ಕೆ ಇಳಿಸಿ ತೋರಿಸುವ ಪಿವಟ್ ಟೇಬಲ್ ಒಂದನ್ನು ಮಗಳು ಮಾಡಿಕೊಟ್ಟಿದ್ದಳು: ಎಡಕ್ಕೆ ಬಾಣಂತಿಯರ ಹೆಸರು, ಮೇಲೆ ಅಡುಗೆಗಳು, ನಡುವೆ ಎಷ್ಟು ಸಲ ಎಂಬ ಅಂಕಿ. ಅದನ್ನೇ ಹೊಸ ಫೈಲಿನ ಶೀಟಿಗೆ ಕಾಪಿ ಮಾಡಹೊರಟಳು. ಅರ್ಧ ಆರಿಸಿ ಅಂಟಿಸಿದರೆ ಬರೀ ಒಣ ಅಂಕಿ ಬಂತು. ಮತ್ತೊಮ್ಮೆಯೂ ಅದೇ ಪಾಡು. ಮೂರನೆಯ ಸಲ ಇಡಿಯಾಗಿ ಆರಿಸಿದ ಮೇಲೆ ಪಿವಟ್ ಪಿವಟ್ಟಾಗಿಯೇ ಬಂದು ಕೂತಿತು. ಸಾರನ್ನು ಬೇರೆ ಪಾತ್ರೆಗೆ ಬಗ್ಗಿಸಿದ ಕೂಡಲೇ ಹಳೆಯ ಪಾತ್ರೆ ತೊಳೆದಿಡುವವಳು ಅವಳು. ಅದೇ ಕೈ ಹಳೆಯ ಫೈಲನ್ನೂ ಅಳಿಸಿತು.

ಮೇ ತಿಂಗಳಲ್ಲಿ ಅನ್ವಿತಾ ಎರಡನೆಯ ಮಗು ಹೆತ್ತಳು. ಬೆಂಗಳೂರಿನ ಹುಡುಗಿ, ಇಲ್ಲಿ ಡಾಕ್ಟರು. ವಿನೋದಾ ಕೊಟ್ಟ ಎರಡು ಡಬ್ಬಿಯೂ ಹೆಚ್ಚುಕಡಿಮೆ ತುಂಬಿದಂತೆಯೇ ವಾಪಸು ಬಂದವು. ಆಮೇಲೆ ಫೋನು ಬಂತು. "ಏನೂ ಸೇರ್ತಿಲ್ಲ ಆಂಟಿ. ಸುಮ್‌ಸುಮ್ನೆ ಅಳು ಬರುತ್ತೆ. ಹೋದ್ಸಲ ವರಲಕ್ಷ್ಮಿ ಆಂಟಿ ಮೆಣಸಿನ ಸಾರು ತರ್ತಿದ್ರಲ್ಲ, ಅದೊಂದು ಸಿಕ್ಕಿದ್ರೆ..."

ಗೆಳತಿ ಅದನ್ನು ಹೇಗೆ ಮಾಡುತ್ತಿದ್ದಳೋ ಬರೆದಿಟ್ಟಿರಲೇಬೇಕು ಎಂದು ವಿನೋದಾ ಹೊಸ ಫೈಲು ತೆರೆದಳು. ಅನ್ವಿತಾ, ಮೆಣಸಿನ ಸಾರು, 9. ಅಷ್ಟೇ ಇತ್ತು. ರಿಫ್ರೆಶ್ ಒತ್ತಿದರೆ ಮೂಲ ಫೈಲು ಸಿಗುತ್ತಿಲ್ಲ ಎಂಬ ಉತ್ತರ. ಅವಳು ಮತ್ತೆ ಮತ್ತೆ ಒತ್ತಿದಳು, ಅದೇ ಉತ್ತರ. ವರಲಕ್ಷ್ಮಿಯ ಆರು ವರ್ಷದ ಮಾತನ್ನು ತಾನು ಕೈಯಾರೆ ತೊಳೆದು ಚೆಲ್ಲಿದ್ದಳು. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಊರಿಗೆಲ್ಲ ಹೇಳುವವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಬೀಸ್ಟನ್‌ನಿಂದ ಮಗಳು ಚರಿಷ್ಮಾ ಬಂದಳು. ಅಮ್ಮನ ಮುಖ ನೋಡಿ, ವಿಷಯ ಕೇಳಿ, ಆ ಒಂಬತ್ತರ ಮೇಲೆ ಎರಡು ಸಲ ಕ್ಲಿಕ್ ಮಾಡಿದಳು. ಹೊಸ ಶೀಟೊಂದು ತೆರೆದು ಒಂಬತ್ತು ಸಾಲು ಬಂದು ನಿಂತವು, ಕೊನೆಯ ಕಾಲಮ್ಮಿನ ಸಮೇತ.

"ಅಯ್ಯೋ ದೇವರೇ, ಇದೆಲ್ಲಿತ್ತು?"

"ಪಿವಟ್ ಕಾಪಿ ಮಾಡಿದ್ರೆ ಹಿಂದಿನ ಡೇಟಾ ಕೂಡ ಜೊತೆಗೇ ಬರ್ತದೆ ಅಮ್ಮ. ನಮ್ಮ ಆಫೀಸಲ್ಲಿ ಅದೇ ದೊಡ್ಡ ಪ್ರಾಬ್ಲಮ್. ಟೋಟಲ್ ಮಾತ್ರ ಕಳಿಸಿದ್ದು ಅಂದ್ಕೊಳ್ತೇವೆ, ಎಲ್ಲರ ವಿಷಯವೂ ಹೋಗಿರ್ತದೆ."

ವಿನೋದಾ ಕನ್ನಡಕ ಏರಿಸಿದಳು. ಮೊದಲ ಸಾಲು: "ಮೆಣಸು ಹನ್ನೆರಡು ಕಾಳು. ಬೆಳ್ಳುಳ್ಳಿ ತುಪ್ಪದಲ್ಲಿ ಕೆಂಪಗಾಗಲಿ." ತಾನು ಮಾಡುವ ಸಾರೂ ಹಾಗೆಯೇ ಅಲ್ಲವೇ? ನಾಲ್ಕನೆಯದು: "ಇವತ್ತು ಉಪ್ಪು ಜಾಸ್ತಿಯಾಗಿತ್ತು. ಆದ್ರೂ ಎರಡು ಸಲ ಬಡಿಸ್ಕೊಂಡ್ಳು. ಆಮೇಲೆ ನನ್ ತೊಡೆ ಮೇಲೆ ತಲೆಯಿಟ್ಟು ಅತ್ಲು." ಒಂಬತ್ತನೆಯದು: "ಸಾರು ಬರೀ ನೆಪ. ಪಕ್ಕದಲ್ಲಿ ಒಬ್ರು ಕೂತಿದ್ರೆ ಈ ಹುಡುಗಿ ಏನ್ ಕೊಟ್ರೂ ತಿಂತಾಳೆ. ವಿನೋದಾಗೆ ಹೇಳ್ಬೇಕು. ಆದ್ರೆ ನೊಂದ್ಕೋತಾಳೆ. ಪಾಪ, ಯಾರಾದ್ರೂ ಅತ್ರೆ ಅವಳಿಂದ ನೋಡಕ್ಕಾಗಲ್ಲ. ಅದಕ್ಕೇ ಓಡ್ತಾಳೆ."

ವಿನೋದಾ ಅದನ್ನು ಮತ್ತೆ ಮತ್ತೆ ಓದಿದಳು. ಇಷ್ಟು ವರ್ಷ ತನಗೇ ಗೊತ್ತಿಲ್ಲದ ತನ್ನ ಗುಟ್ಟು ಗೆಳತಿಗೆ ಗೊತ್ತಿತ್ತು. ಅವಳ ಮೇಲೆ ಕೋಪವೂ ಬಂತು, ಅವಳನ್ನು ನೋಡಬೇಕೆಂಬ ಆಸೆಯೂ ತಡೆಯಲಾರದಷ್ಟು ಬಂತು.

ಮರುದಿನ ಮಧ್ಯಾಹ್ನ ಅನ್ವಿತಾ ಬಾಗಿಲು ತೆರೆದು, ರೂಢಿಯಂತೆ ಡಬ್ಬಿಗಾಗಿ ಕೈಚಾಚಿದಳು. ವಿನೋದಾ ಕೊಡಲಿಲ್ಲ. "ಒಳಗೆ ಬರ್ತೇನೆ" ಎಂದು ಹೇಳಿ, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ತಟ್ಟೆ ಹುಡುಕಿ ಬಡಿಸಿ, ಪಕ್ಕದಲ್ಲಿ ಕೂತಳು. ಮೂರು ತುತ್ತಿಗೆ ಹುಡುಗಿಯ ಕಣ್ಣು ತುಂಬಿತು. ವಿನೋದಾಳ ಕೈ ಕಾರಿನ ಕೀಗೆ ತಡಕಾಡಿತು. ಕೀ ಕೋಟಿನ ಜೇಬಿನಲ್ಲಿತ್ತು. ಆ ಕೈಯನ್ನು ಅವಳು ಅನ್ವಿತಾಳ ಬೆನ್ನ ಮೇಲಿಟ್ಟಳು.

ಸಂಜೆ ಮನೆಗೆ ಬಂದು, ಆ ಒಂಬತ್ತು ಸಾಲಿನ ಕೆಳಗೆ, ಕೊನೆಯ ಕಾಲಮ್ಮಿನಲ್ಲಿ ಮೊದಲ ಬಾರಿಗೆ ಬರೆದಳು: "ಉಪ್ಪು ಹಾಕಲು ಮರೆತಿದ್ದೆ. ಎರಡು ಸಲ ಬಡಿಸಿಕೊಂಡಳು."