ಪುಡಿಗೆ ಬಿದ್ದ ವಿಭೂತಿ

ನನಗೆ ಮೂಗಿನ ತುದಿಯಲ್ಲೇ ಕೋಪ. ನಂಜನಗೂಡಿನ ಕೈಗಾರಿಕಾ ಪ್ರದೇಶದ ನಮ್ಮ ಪುಟ್ಟ ಲ್ಯಾಬಿನಲ್ಲಿ ಅದನ್ನು ಹೆಚ್ಚಾಗಿ ಉಂಡವಳು ಪುಡಿ ಅರೆಯುವ ಹೆಂಗಸು. ಸೋಮನಾಥಪುರದ ಕಡೆಯವಳು, ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಬರೋಳು. ಆರು ವರ್ಷದ ಗುತ್ತಿಗೆ ಕೆಲಸ ಆ ತಿಂಗಳು ಕಾಯಂ ಆಗುವುದಿತ್ತು. ಸಹಿ ಹಾಕಬೇಕಾದವನು ನಾನು.

ನಾವು ಮಾಡುತ್ತಿದ್ದದ್ದು ಸೋಡಿಯಂ ಬ್ಯಾಟರಿಗೆ ಬೇಕಾದ ಕ್ಯಾಥೋಡ್ ಪುಡಿ. ಅದರೊಳಗೆ ಪದರ ಪದರ. ಚಾರ್ಜ್ ಮಾಡಿದರೆ ಸೋಡಿಯಂ ಹೊರಗೆ, ಬಳಸಿದರೆ ಒಳಗೆ. ಹೀಗೆ ಓಡಾಡಿ ಓಡಾಡಿ ಪದರ ಕುಸಿಯುತ್ತದೆ, ಬ್ಯಾಟರಿ ಸೊರಗುತ್ತದೆ. ಕುಸಿಯದಂತೆ ಬೇರೊಂದು ಧಾತುವನ್ನು ಚಿಟಿಕೆಯಷ್ಟು ಬೆರೆಸುವುದೇ ಡೋಪಿಂಗ್. ನಾನು ಮೆಗ್ನೀಸಿಯಂ ಬೆರೆಸಿ ಬೆರೆಸಿ ಸೋತಿದ್ದೆ. ಸೋತಷ್ಟೂ ಆಕೆಗೆ ಬೈಯುತ್ತಿದ್ದೆ.

ಪುಡಿಯ ಒಂದು ಪರೀಕ್ಷಾ ವರದಿಯಲ್ಲಿ ಕ್ಯಾಲ್ಸಿಯಂ ಕಾಣಿಸಿತು. ಅಯ್ಯಯ್ಯೋ, ನಾನು ಹಾಕಿಯೇ ಇಲ್ಲ! ಮಾರನೇ ಬೆಳಿಗ್ಗೆ ಬಾಗಿಲ ಹಿಂದೆ ನಿಂತು ನೋಡಿದೆ. ಆಕೆ ಬ್ಯಾಗಿನಿಂದ ವಿಭೂತಿ ಗಟ್ಟಿ ತೆಗೆದು ಹಣೆಗಿಟ್ಟಳು, ಪುಡಿ ಸುಡುವ ಕುಲುಮೆಯ ಬಾಗಿಲಿಗೆ ಮೂರು ಬೆರಳು ಎಳೆದಳು. ಆಮೇಲೆ ಅರೆಯುವ ಬಟ್ಟಲೊಳಕ್ಕೇ ಒಂದು ಚಿಟಿಕೆ ಉದುರಿಸಿ ಕೈಮುಗಿದಳು.

"ಇದೇನು ಮಠವೇನಮ್ಮ?" ಎಂದು ಕಿರುಚಿದೆ. ಎಲ್ಲರೂ ಓಡಿ ಬಂದರು.

"ಪುಡಿ ಸರಿಯಾಗ್ ಬರ್ನಿಲ್ಲ ಅಂತ ದಿನಾ ಬಯ್ತಿದ್ರಲ್ಲ ಸಾ. ಅದ್ಕೇ ಓದ್ ವಾರ್ದಿಂದ ಇದ್ಕೂ ಇಟ್ಟೆ. ಒಳ್ಳೇದಾಗ್ಲಿ ಅಂತ."

"ಮೊದಲು ಹಣೆ ಒರೆಸಿಕೋ. ಎಲ್ಲರ ಮುಂದೆ."

ಸ್ಪಿರಿಟ್ ಬಟ್ಟೆ ನಾನೇ ಕೊಟ್ಟೆ. ಆಕೆ ಉಜ್ಜಿದಳು. ಹಣೆ ಕೆಂಪಾಯಿತು, ಯಾರೋ ಕಿಸಕ್ಕನೆ ನಕ್ಕರು. ಸುಳ್ಳು ಯಾಕೆ ಹೇಳಲಿ, ನನಗೆ ಹಿತವೇ ಆಯಿತು. ಕಾಯಂ ಕಾಗದದ ಮೇಲೆ 'ನಂಬಲು ಯೋಗ್ಯಳಲ್ಲ' ಎಂದು ಬರೆದೆ. ಸಂಜೆಯೇ ಮನೆಗೆ ಕಳಿಸಿದರು.

ವಿಭೂತಿ ಬಿದ್ದ ಆ ಹಾಳು ಪುಡಿಯಿಂದ ಮಾಡಿದ್ದ ಬ್ಯಾಟರಿಗಳು ಪರೀಕ್ಷೆಯ ಯಂತ್ರದಲ್ಲೇ ಉಳಿದಿದ್ದವು. ತೆಗೆಯಲು ಮರೆತಿದ್ದೆ. ಎರಡು ತಿಂಗಳಾದ ಮೇಲೆ ನೋಡುತ್ತೇನೆ, ಉಳಿದವೆಲ್ಲ ಸೊರಗಿ ಸತ್ತಿವೆ, ಅವು ಮಾತ್ರ ಗಟ್ಟಿಯಾಗಿ ನಡೆಯುತ್ತಿವೆ! ವಿಭೂತಿಯಲ್ಲಿದ್ದ ಸುಣ್ಣದ ಕ್ಯಾಲ್ಸಿಯಂ ಪದರಗಳ ನಡುವೆ ಕಂಬದ ಹಾಗೆ ನಿಂತುಬಿಟ್ಟಿತ್ತು. ಶುದ್ಧ ಕ್ಯಾಲ್ಸಿಯಂ ತೂಗಿ ಹಾಕಿ ಮತ್ತೆ ಮಾಡಿದೆ. ಅದೇ ಫಲ ಬಂತು. ವರದಿಯಲ್ಲಿ ನನ್ನ ಹೆಸರೊಂದೇ ಹಾಕಿದೆ. ಮೇಲಿನವರು ಶಾಲು ಹೊದಿಸಿದರು.

ಶಾಲು ಇನ್ನೂ ಹೆಗಲ ಮೇಲಿರುವಾಗಲೇ ಆಕೆಯ ಫೋನು.

"ಸಾ, ಈಗ ಮನೇಲೂ ಇಬೂತಿ ಇಟ್ಕೊಳಲ್ಲ ಸಾ. ಕೆಲ್ಸಕ್ಕೆ ಬರ್ಲಾ?"

"ಜಾಗ ಇಲ್ಲಮ್ಮ."

"ನಾನ್ ಕೆಡ್ಸಿದ್ ಪುಡಿ ಏನಾಯ್ತು ಸಾ?"

ಈಗಲಾದರೂ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು.

"ಎಸೆದ್ವಿ," ಎಂದೆ.

"ಅಯ್ಯೋ, ನನ್ನಿಂದ ನಿಮ್ಗೆಷ್ಟು ನಷ್ಟ ಆಯ್ತು. ತಪ್ಪಾಯ್ತು ಸಾ, ಮನ್ಸಿಗೆ ಆಕ್ಕೋಬೇಡಿ."

"ಆಯ್ತು ಬಿಡಮ್ಮ, ಕ್ಷಮಿಸಿದ್ದೀನಿ," ಎಂದು ಫೋನ್ ಇಟ್ಟೆ.